ಬಿಳಿ ಕಾಯಿ ಮುಟ್ಟದ ಸೊಸೆ

ದರ್ಜಿ ಸೊಸೆಗೆ ಚದುರಂಗದ ಹುಚ್ಚು ಹಿಡಿಸಿದ್ದು ಮಾವ. ಮಂಡಿನೋವಿನ ಮನುಷ್ಯ, ಹೊತ್ತು ಹೋಗಬೇಕಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಹಲಗೆ ಹಾಸಿ, ಬಿಳಿ ಕಾಯಿಗಳನ್ನು ತಮ್ಮ ಕಡೆ ಜೋಡಿಸಿ, ಮೊದಲ ನಡೆ ನಡೆಸಿ ಕೂತುಬಿಡುತ್ತಿದ್ದರು. ಇವಳು ಒಂದು ಹೊಲಿಗೆ ಮುಗಿಸಿ, ಮಿಷನ್ನಿನಿಂದಲೇ ಬಗ್ಗಿ, ಕಪ್ಪು ಕಾಯಿ ಸರಿಸಿ, ಮತ್ತೆ ಪೆಡಲು ತುಳಿಯುತ್ತಿದ್ದಳು. ತಪ್ಪು ನಡೆಸಿದರೆ ಮಾವ ಬೈದವರಲ್ಲ. ವಕ್ರವಾದ ಹೊಲಿಗೆ ಬಿಚ್ಚಿದ ಹಾಗೆ ಕಾಯಿಗಳನ್ನೆಲ್ಲ ಹಿಂದಕ್ಕಿಟ್ಟು ಮೊದಲಿನಿಂದ ಶುರು. ಹೀಗೆ ಬಿಚ್ಚಿ ಬಿಚ್ಚಿ ಆರಂಭದ ನಡೆಗಳೆಲ್ಲ ಅವಳ ಕೈಗೇ ಬಾಯಿಪಾಠವಾದವು.

ಭಾನುವಾರದ ಚದುರಂಗ ಸಂಘವೊಂದೇ ಮಾವನ ತಿರುಗಾಟ. ಅಲ್ಲಿ ಅವರಿಗೆ 'ಸೋಲಿನ ಸರದಾರ' ಅಂತ ಹೆಸರು. ಒಂದು ದಿನ ರೋಸಿಹೋಗಿ, ಆರಂಭದಲ್ಲಿ ನನ್ನ ಸೊಸೆಯನ್ನು ಯಾರೂ ಅಲ್ಲಾಡಿಸಲಾರರು ಎಂದುಬಿಟ್ಟರು. ಹಾಗಾದರೆ ಪಂದ್ಯಕ್ಕೆ ಕರೆತನ್ನಿ ಎಂದರು ಸಂಘದವರು. ಅವಳು ಎಡವಿದರೆ ಮಾವ ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

ಪಂದ್ಯದ ದಿನ ಚೀಟಿಯಲ್ಲಿ ಅವಳಿಗೆ ಬಿಳಿ ಬಂತು, ಅಂದರೆ ಮೊದಲ ನಡೆ ಅವಳದು. ಅವಳ ಕೈ ಮಡಿಲಲ್ಲೇ ಉಳಿಯಿತು. ಇಷ್ಟು ವರ್ಷ ಅವಳು ಕೊಟ್ಟದ್ದೆಲ್ಲ ಉತ್ತರ. ಎದುರಾಳಿಯಾಗಿ ಕೂತಿದ್ದ ಊರಿನ ಪೋಸ್ಟ್‌ಮ್ಯಾನ್ ಇನ್ನೂ ಏನೂ ಕೇಳೇ ಇಲ್ಲ, ಉತ್ತರ ಯಾವುದಕ್ಕೆ ಕೊಡುವುದು? ಸಾಲದ್ದಕ್ಕೆ, ಸದಾ ರಾಜನ ಬಲಕ್ಕೆ ಇರುತ್ತಿದ್ದ ರಾಣಿ ಇವತ್ತು ಎಡಕ್ಕೆ. ಗೋಡೆಗೊರಗಿದ್ದ ಮಾವನ ಮುಖ ಬಿಳಿಚಿಕೊಂಡಿತ್ತು. ಸದಾ ಬಿಳಿಯನ್ನೇ ಹಿಡಿದು ಕೂತ ತಪ್ಪು ಯಾರದೆಂದು ಅವರಿಗೂ ಆಗಲೇ ಹೊಳೆದಿತ್ತು.

ಆ ಮುಖ ನೋಡಿ ಅವಳು ಹಲಗೆಯ ಕಡೆ ಬಗ್ಗಿದಳು. ರಾಣಿಯನ್ನೇ ದಿಟ್ಟಿಸಿದಳು. ರವಿಕೆಯನ್ನು ಒಳಮಗ್ಗುಲಾಗಿ ತಿರುಗಿಸಿದರೆ ಬಲತೋಳು ಎಡಕ್ಕೆ ಬರುತ್ತದೆ, ಅಷ್ಟೇ ತಾನೇ? ದಿನಾ ಮಾಡುವ ಕೆಲಸ. ಬಲಗಡೆ ನಡೆಸುತ್ತಿದ್ದ ಪದಾತಿಯನ್ನು ಎಡಗಡೆ ತಳ್ಳಿದಳು. ಆಮೇಲೆ ಕುದುರೆ, ಆಮೇಲೆ ಒಂಟೆ. ಕಪ್ಪಿನ ಪಾಠವನ್ನೇ ಮಗುಚಿ ಬಿಳಿಯಲ್ಲಿ ಹೊಲಿಯುತ್ತಾ ಹೋದಳು. ಆರಂಭದಲ್ಲಿ ಪೋಸ್ಟ್‌ಮ್ಯಾನ್‌ಗೆ ಒಂದು ಬಿರುಕೂ ಸಿಗಲಿಲ್ಲ. ಕೊನೆಗೆ ಸೋತಳು, ನಿಜ. ಆದರೆ ಅಷ್ಟು ಹೊತ್ತಿಗೆ ಸಂಘದವರೆಲ್ಲ ಅವಳ ಹಲಗೆಯ ಸುತ್ತ ನಿಂತಿದ್ದರು, ಸರದಾರನಿಗೆ ಯಾರೋ ಕುರ್ಚಿ ತಂದುಕೊಟ್ಟಿದ್ದರು.

ಮರುದಿನ ಅವಳು ಮಿಷನ್ನಿಗೆ ಕೂತಾಗ ಹಲಗೆ ಆಗಲೇ ಸಿದ್ಧವಾಗಿತ್ತು. ಬಿಳಿ ಕಾಯಿಗಳು ಅವಳ ಕಡೆ. ಮಾವ ಕೈಕಟ್ಟಿ ಕೂತಿದ್ದರು.

"ಕೈಲಿರೋ ಹೊಲಿಗೆ ಮುಗಿಸ್ಕೋಮ್ಮ," ಎಂದರು. "ಇವತ್ತಿಂದ ಮೊದಲನೇ ನಡೆ ನಿಂದು. ನಾನು ಕಾಯ್ತೀನಿ."