ಎಲ್ಲವೂ ಬಲಗಾಲು

ಅಕ್ಕನ ಕೈ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಕೈ. ಅದು ನನಗೆ ಮರುದಿನ ಬೆಳಿಗ್ಗೆಯೇ ಗೊತ್ತಾಗಿತ್ತು. ಗೊತ್ತಿದ್ದೂ ಹತ್ತು ವರ್ಷ ಬಾಯಿ ಬಿಡಲಿಲ್ಲ. ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದು ಹಾಕಿದ್ದೇನೆ. ಪ್ರತಿ ಸಲವೂ ಮೊದಲ ಸಾಲಿನಲ್ಲೇ ಯಾವುದಾದರೊಂದು ನೆಪ ಬಂದು ಕೂತುಬಿಡುತ್ತಿತ್ತು.

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆಯ ಕೆಲಸ. ಮುಂದಿನ ಪಡಸಾಲೆಯಲ್ಲಿ ಉದ್ದನೆಯ ಮೇಜು, ಹಿಂದಿನ ಕೋಣೆಯಲ್ಲಿ ಆರು ಮಷಿನ್ನು, ಹೊಲಿಯಲು ಆರು ಹೆಂಗಸರು. ಅಕ್ಕ ನಾಗವೇಣಿ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ದಿನವೂ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ನನ್ನ ಮೇಜಿನ ಮೇಲೆ ಗುರುತು ಹಾಕುತ್ತಿದ್ದಳು. ಬಟ್ಟೆಯನ್ನು ಅರವತ್ತು ಪದರು ಹಾಸಿ, ಎಲ್ಲಕ್ಕಿಂತ ಮೇಲಿನ ಪದರದ ಮೇಲೆ ರಟ್ಟಿನ ನಮೂನೆ ಇಟ್ಟು ಸೀಮೆಸುಣ್ಣದಿಂದ ಗೆರೆ ಎಳೆಯುವುದು ಅವಳ ಪಾಲು. ಆ ಗೆರೆ ಹಿಡಿದು ಅರವತ್ತೂ ಪದರನ್ನು ಒಟ್ಟಿಗೆ ಕತ್ತರಿಸುವುದು ನನ್ನ ಪಾಲು. ರಟ್ಟನ್ನು ಒಮ್ಮೆ ಇಟ್ಟು ಎಳೆದರೆ ಬಲಗಾಲು. ಅದನ್ನೇ ಮಗುಚಿಟ್ಟು ಎಳೆದರೆ ಎಡಗಾಲು. ಜೀನ್ಸ್ ಬಟ್ಟೆಗೆ ಒಳಮೈ ಬೇರೆ, ಹೊರಮೈ ಬೇರೆ. ಒಮ್ಮೆ ಕತ್ತರಿಸಿದ ಬಲಗಾಲನ್ನು ತಿರುಗಿಸಿ ಎಡಗಾಲು ಮಾಡುವಂತಿಲ್ಲ. ಅಕ್ಕ ಒಂದು ದಿನವೂ ರಟ್ಟು ಮಗುಚುವುದನ್ನು ಮರೆತವಳಲ್ಲ.

ಅಂದು ಮಧ್ಯಾಹ್ನ ಸಿರುಗುಪ್ಪದ ಅಂಗಡಿಯ ಸಾಹುಕಾರರ ಫೋನು ಬಂತು. "ಏನ್ರಿ, ತೊಡಿ ಹತ್ರ ಬಿಗಿ ಹಿಡಿತಾವ ಅಂತ ಗಿರಾಕಿ ತಂದು ಒಗ್ಯಾಕ ಹತ್ತ್ಯಾರ. ನಿಮಗ ಕೆಲಸ ಬರಂಗಿಲ್ಲೇನು?" ಹೆಂಗಸರೆಲ್ಲ ಮಷಿನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ನಾನು ಬೆಣ್ಣೆಯಂಥ ದನಿಯಲ್ಲಿ, "ತಪ್ಪಾತ್ರಿ ಸಾಹುಕಾರ್ರ, ಇನ್ಮ್ಯಾಲ ಹಂಗ ಆಗಂಗಿಲ್ರಿ" ಎಂದೆ. ಫೋನು ಇಟ್ಟವನೇ ಅಕ್ಕನ ಮೇಲೆ ಹರಿಹಾಯ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಆ ಕೊತ್ತಿ ಅವಳು.

ಅಕ್ಕ ತಲೆ ಎತ್ತಲಿಲ್ಲ. "ಗೆರಿ ಸರಿ ಅದಾವ. ಹೊಲಿಯೋವಾಗ ಅಂಚು ಜಾಸ್ತಿ ಹಿಡ್ಯಾಕ ಹತ್ತ್ಯಾರ. ಸಿಟ್ಟು ಇಳೀಲಿ, ಆಮ್ಯಾಲ ನೋಡೋಣಂತ" ಎಂದು ಹೇಳಿ, ಎಲ್ಲರ ಜೊತೆ ಬುತ್ತಿ ಬಿಚ್ಚಲು ಹಿತ್ತಲಿಗೆ ಹೋದಳು.

ಸಿಟ್ಟು ಇಳೀಲಿ— ಆ ಮಾತಿಗೇ ನನಗೆ ಮತ್ತಷ್ಟು ಉರಿಯಿತು. ನನ್ನನ್ನು ಅವಳು ಚಿಕ್ಕ ಹುಡುಗನನ್ನು ನೋಡಿದ ಹಾಗೆ ನೋಡಿದಳಲ್ಲ ಎಂದು. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಎಳೆದಿದ್ದ ಗೆರೆಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ. ರಟ್ಟು ಇಟ್ಟು, ಸುತ್ತ ಅರ್ಧ ಇಂಚು ಬಿಟ್ಟು ನಾನೇ ಹೊಸದಾಗಿ ಎಳೆದೆ. ಸಿಟ್ಟಿನ ಭರದಲ್ಲಿ ರಟ್ಟನ್ನು ಮುಂದಕ್ಕೆ ಸರಿಸಿದೆನೇ ಹೊರತು ಮಗುಚಲಿಲ್ಲ. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲವನ್ನೂ ಕತ್ತರಿಸಿ ಕಟ್ಟಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೊಲಿಯುವ ಹುಲಿಗೆಮ್ಮ ಕಟ್ಟು ಬಿಚ್ಚಿ, "ಮಾಸ್ಟರ್ರೆ, ಎಡಗಾಲು ಎಲ್ಲಿ ಅದಾವ್ರಿ?" ಎಂದು ಕೇಳಿದಳು. ಕೇಳಿದವರೆಲ್ಲ ನಕ್ಕರು. ನಾನು ನೋಡಿದೆ. ಎಲ್ಲವೂ ಬಲಗಾಲು. ಆ ಕ್ಷಣಕ್ಕೇ ನನಗೆ ಎಲ್ಲ ತಿಳಿಯಿತು. ನನ್ನ ಗೆರೆ ಇದ್ದ ಮೇಲಿನ ತುಂಡುಗಳನ್ನು ಯಾರ ಕಣ್ಣಿಗೂ ಬೀಳದಂತೆ ಎತ್ತಿ ಚಿಂದಿಯ ಚೀಲದ ತಳಕ್ಕೆ ತುರುಕಿದೆ. ಇದನ್ನು ಸಿಟ್ಟಿನಲ್ಲಿ ಮಾಡಲಿಲ್ಲ— ತಣ್ಣಗೆ ಮಾಡಿದೆ. ಆಮೇಲೆ ಅಕ್ಕನನ್ನು ಕರೆದು, ಎಲ್ಲರ ಮುಂದೆ ಒಂದೇ ಒಂದು ಪ್ರಶ್ನೆ ಕೇಳಿದೆ.

"ಗುರುತು ಹಾಕಿದಾಕಿ ಯಾರು?"

ಅವಳು ತುಂಡುಗಳನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. "ನಾನ ಹಾಕೀನಿ... ರಟ್ಟು ಮಗುಚಿದ್ದು ನೆನಪೈತಲ್ಲೋ ಮಲ್ಲಿ. ನನ್ನ ನೆನಪ ಸುಳ್ಳಾತೇನು?"

ಇಲ್ಲ ಎನ್ನಬಹುದಿತ್ತು. ಒಂದು ಮಾತು. ನಾನು— ನಾನು ಕೂಗಾಡಿದೆ.

ಮುಂದಿನ ವಾರದಿಂದ ಅಕ್ಕ ಬರಲಿಲ್ಲ. ಕಣ್ಣು ಸರಿಯಿಲ್ಲ ಎಂದು ಹೇಳಿ ಕಳಿಸಿದಳು. ಕಣ್ಣಿನ ಡಾಕ್ಟರಿಗೆ ತೋರಿಸಿದಳಂತೆ. ಅವರು ಕಣ್ಣಿಗೆ ಏನೂ ಆಗಿಲ್ಲ ಅಂದರಂತೆ. ಅದು ಅವಳನ್ನು ಇನ್ನೂ ಹೆದರಿಸಿತು. ಕಣ್ಣಲ್ಲದಿದ್ದರೆ ತಲೆಗೇ ಏನೋ ಆಗಿದೆ ಎಂದುಕೊಂಡಳು.

ನನ್ನ ಸಿಟ್ಟು ಹುಟ್ಟುಗುಣ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಹೆಂಡತಿ ಒಂದು ದಿನ ರೊಟ್ಟಿ ಬಡಿಯುತ್ತಲೇ, "ನಿಮ್ಮ ಸಿಟ್ಟಿಗೆ ಕಣ್ಣು ಐತ್ರಿ. ಸಾಹುಕಾರ್ರ ಮುಂದ ಒಂದು ದಿನಾನೂ ಬಂದಿಲ್ಲ" ಎಂದಳು. ನಾನು ತಾಟು ಸರಿಸಿ ಎದ್ದುಹೋದೆ. ಆದರೆ ಆ ಮಾತು ಬಿಡಲಿಲ್ಲ. ನೋಡುತ್ತ ಹೋದರೆ ಅದು ನಿಜ. ಯಾರ ಮುಂದೆ ಅವಮಾನವಾಯಿತೋ ಅವರಿಗೆ ತಲೆ ಬಾಗಿಸುತ್ತಿದ್ದೆ, ತಿರುಗಿ ಹೇಳಲಾರದವರ ಮೇಲೆ ಎಗರುತ್ತಿದ್ದೆ. ಹಾಗಿದ್ದರೆ ಅದು ಹುಟ್ಟುಗುಣ ಹೇಗಾದೀತು?

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಕಿವಿ ಬಿಸಿಯಾದ ಕೂಡಲೇ ಕತ್ತರಿಸುವ ಮಷಿನ್ನಿನ ಸ್ವಿಚ್ಚು ಆರಿಸಿ, "ನನಗ ಸಿಟ್ಟು ಬಂದೈತಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊರಗೆ ಹೋಗುತ್ತೇನೆ. ಮೊದಮೊದಲು ಹೆಂಗಸರು ಹೆದರಿದರು. ಈಗ "ಮಾಸ್ಟರ್ರಿಗೆ ಕರೆಂಟ್ ಹೋತು ನೋಡ್ರಿ" ಎಂದು ನಗುತ್ತಾರೆ. ಆ ನಗುವಿನಲ್ಲೇ ಅರ್ಧ ಇಳಿಯುತ್ತದೆ. ಎಲ್ಲ ದಿನವೂ ಗೆದ್ದಿಲ್ಲ. ಹೋದ ವರ್ಷ ಒಮ್ಮೆ ಕತ್ತರಿಯನ್ನು ಗೋಡೆಗೆ ಎಸೆದಿದ್ದೆ. ಅಂದೇ ಸಂಜೆ ಎಲ್ಲರಲ್ಲಿ ತಪ್ಪಾಯಿತು ಎಂದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ, ನಿಜ. ಇನ್ನೊಬ್ಬರ ಮೂಗಾದರೂ ಉಳಿಯಲಿ.

ಇಷ್ಟೆಲ್ಲ ಕಲಿತವನು ಅಕ್ಕನಿಗೆ ಮಾತ್ರ ಹೇಳಲಿಲ್ಲ. ಸಿಟ್ಟು ಇದ್ದದ್ದು ಒಂದು ತಾಸು. ಸುಳ್ಳು ಹತ್ತು ವರ್ಷ ಇತ್ತು.

ಹೋದ ತಿಂಗಳು ಅಕ್ಕನ ಮಗಳು ಸವಿತಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕುರುಗೋಡಿಗೆ ಹೋಗಿದ್ದೆ. ಕೂಸಿನ ತಲೆಗೆ ಕಟ್ಟುವ ಕುಂಚಿಗೆಯನ್ನು ತವರಿನವರೇ ಹೊಲಿಯಬೇಕು. ನಮ್ಮ ಬಳಗದ ಎಲ್ಲ ಕೂಸುಗಳಿಗೂ ಹೊಲಿದವಳು ಅಕ್ಕ. ತನ್ನ ಸ್ವಂತ ಮೊಮ್ಮಗಳಿಗೆ ಅಂಗಡಿಯದು ತಂದಿದ್ದಳು. ನೆರೆಯವರು ಕೇಳಿದರೆ, "ನನ್ನ ಕೈ ನಂಬಬ್ಯಾಡ್ರಿ ಈಗ" ಎಂದು ನಕ್ಕುಬಿಟ್ಟಳು.

ಎರಡು ದಿನ ಬಿಟ್ಟು ಒಬ್ಬನೇ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಗೆರೆ ಒರೆಸಿದ್ದು, ಮತ್ತೆ ಎಳೆದದ್ದು, ಚಿಂದಿಯ ಚೀಲ, ಎಲ್ಲ ಹೇಳಿದೆ. ಸಾಹುಕಾರರ ಫೋನಿನ ನೆಪ ನಾಲಿಗೆಯವರೆಗೆ ಬಂತು, ನುಂಗಿದೆ. ಅಕ್ಕ ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಹಂಗಾರ ನಾನು ರಟ್ಟು ಮಗುಚಿದ್ನಿ."

"ಮಗುಚಿದ್ದಿ ಅಕ್ಕಾ."

"ಆ ಹೆಣ್ಣುಮಕ್ಕಳಿಗೆ ಹೇಳಿಯೇನು?"

"ಇನ್ನೂ ಇಲ್ಲ."

"ಮೊದಲು ಅವರಿಗೆ ಹೇಳು. ಅವರ ಮುಂದನ ಮಾನ ಕಳದಿದ್ದಿ." ದನಿ ಏರಲಿಲ್ಲ. "ನನಗೀಗ ಭಾಳ ಸಿಟ್ಟು ಬಂದೈತಿ. ಏನಾರ ಅಂದುಬಿಟ್ಟೇನು. ಎದ್ದು ಹೋಗು. ಇಳಿದ ಮ್ಯಾಲ ನಾನ ಫೋನ್ ಮಾಡ್ತೀನಿ."

ನಾನು ಹತ್ತು ವರ್ಷ ಒದ್ದಾಡಿ ಕಲಿತದ್ದನ್ನು ಅವಳು ಅಷ್ಟು ಸುಲಭವಾಗಿ ಮಾಡಿದಳು. ಚಹಾ ಕುಡಿಯದೆ ಎದ್ದು ಬಂದೆ. ಮರುದಿನ ಮಷಿನ್ನು ನಿಲ್ಲಿಸಿ ಎಲ್ಲರಿಗೂ ಹೇಳಿದೆ. ಯಾರೂ ನಗಲಿಲ್ಲ. ಹುಲಿಗೆಮ್ಮ ಮಾತ್ರ, "ಆ ಯಮ್ಮನ್ನ ನಾವೂ ಆಡ್ಕೊಂಡಿದ್ವಿ ಮಾಸ್ಟರ್ರೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂರು ವಾರವಾಯಿತು. ಅಕ್ಕ ಓಣಿಯವರ ಜಂಪರು ಕತ್ತರಿಸಲು ಶುರು ಮಾಡಿದ್ದಾಳೆ, ಮೊನ್ನೆಯೊಂದೇ ದಿನ ಮೂರು ಕತ್ತರಿಸಿದಳು ಎಂದು ಸವಿತಾ ಹೇಳಿದಳು. ನನ್ನ ಹೆಸರು ಮಾತ್ರ ಎತ್ತಿಲ್ಲವಂತೆ. ನಾನಾಗಿ ಫೋನು ಮಾಡಿ ಅವಸರಪಡಿಸುವುದಿಲ್ಲ. ನನ್ನ ಸಿಟ್ಟನ್ನು ಅವಳು ಹತ್ತು ವರ್ಷ ಹೊತ್ತಳು. ಅವಳದು ಇಳಿಯುವವರೆಗೆ ನಾನು ಹೊರುತ್ತೇನೆ.