ಅವರಿಗಷ್ಟೇ ಕೇಳಿಸುವ ಗೋಡೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ‘ನಗುಮೊಗದಕ್ಕ’ ಎನ್ನುತ್ತಿದ್ದರು. ಮನೋರೋಗ ವಿಭಾಗದಲ್ಲಿ ಮನಶ್ಶಾಸ್ತ್ರಜ್ಞೆ. ಅವಳ ಅಜ್ಜ ಹೊರದೇಶದಿಂದ ದುಡಿಯಲು ಬಂದವನು. ಮೂರು ತಲೆಮಾರು ಕಳೆದರೂ ಅವಳ ಕಪ್ಪು ಮೈಬಣ್ಣ ನೋಡಿದವರು, “ನಿಮ್ಮ ದೇಶ ಯಾವುದು?” ಎಂದು ಕೇಳದೆ ಬಿಡುತ್ತಿರಲಿಲ್ಲ. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಒಮ್ಮೆ ಅವಳದೇ ಜನಾಂಗದ, ಒಂಟಿಯಾಗಿ ಬದುಕುತ್ತಿದ್ದ ದರ್ಜಿಯೊಬ್ಬಳು ಚಿಕಿತ್ಸೆಗೆ ಬಂದಳು.

“ಅಡುಗೆಮನೆ ಗೋಡೆ ಮಾತಾಡುತ್ತೆ ಅಕ್ಕಾ. ನಾನೊಬ್ಬಳೇ ಇದ್ದಾಗ ಮಾತ್ರ. ಹೊರಟುಹೋಗು ಅನ್ನುತ್ತೆ.”

ಹಿರಿಯ ವೈದ್ಯರು ತಲೆ ಕೂಡ ಎತ್ತಲಿಲ್ಲ. “ಭ್ರಮೆ. ನಿಮ್ಮ ಜನರಲ್ಲಿ ಇದು ಜಾಸ್ತಿ,” ಎಂದು ಮಾತ್ರೆ ಹೆಚ್ಚಿಸಿದರು.

ಆ ‘ನಿಮ್ಮ ಜನ’ ಎಂಬುದು ಪಕ್ಕದಲ್ಲೇ ಕೂತಿದ್ದ ಅಕ್ಕನಿಗೆ ಮುಳ್ಳಿನಂತೆ ನಾಟಿತು. ಮರುದಿನ ಮಧ್ಯಾಹ್ನ ದರ್ಜಿಯ ಮನೆಗೇ ಹೋದಳು. ದರ್ಜಿ ಹೊಲಿದ ಬಟ್ಟೆ ಕೊಟ್ಟುಬರಲು ಕೆಳಗಿಳಿದಾಗ, ಅಕ್ಕ ನೀರು ಕುಡಿಯಲೆಂದು ಅಡುಗೆಮನೆಗೆ ಹೋಗಿ ಲೋಟ ಎತ್ತಿದಳು. ಲೋಟ ಠಣ್ಣೆಂದಿತು.

“ಬಂದ್ಯಾ ಕರಿಯವಳೇ? ಇನ್ನೂ ಹೋಗಿಲ್ವಾ?”

ಪಕ್ಕದ ಮನೆಗೆ ಅಂಟಿದ ಗೋಡೆಯ ಗಾಳಿಕಿಂಡಿಯಿಂದ ಬಂದ ದನಿ. ಹಸುಗೂಸಿಗೆ ಜೋಗುಳ ಹಾಡುವಷ್ಟು ಮೆತ್ತಗಿತ್ತು. ಹಿಂದೆಯೇ ಮಕ್ಕಳ ಕಿಸಕಿಸ ನಗು.

ಪಕ್ಕದ ಮನೆಯ ಬಾಗಿಲು ತಟ್ಟಿದಳು. ನೀಟಾಗಿ ತಲೆ ಬಾಚಿದ್ದ ಅಜ್ಜಿಯೊಬ್ಬಳು ತೆರೆದಳು. ಬೆನ್ನ ಹಿಂದೆ ಮೊಮ್ಮಕ್ಕಳು ಕಣ್ಣು ಮಿಟುಕಿಸದೆ ನಿಂತಿದ್ದವು.

“ನಾವಾ? ಇಲ್ಲಮ್ಮ,” ಅಜ್ಜಿ ನಕ್ಕಳು. “ಈ ಮನೆಗಳ ಗೋಡೆನೇ ಹಾಗೆ. ಕೆಲವರಿಗೆ ಕೇಳಿಸುತ್ತೆ.”

ಆಸ್ಪತ್ರೆಗೆ ಮರಳಿ ವೈದ್ಯರಿಗೆ ಎಲ್ಲವನ್ನೂ ಹೇಳಿದಳು. ಅವರು ಅವಳನ್ನೇ ದಿಟ್ಟಿಸಿದರು, ರೋಗಿಗಳನ್ನು ನೋಡುವ ಅದೇ ನೋಟ.

“ನಿಮಗೂ ಕೇಳಿಸಿತಾ?” ಎಂದರು ಮೃದುವಾಗಿ. “ಯಾವಾಗಿನಿಂದ?”

ಈ ಸಲ ಅವಳು ನಗಲಿಲ್ಲ. “ನನ್ನ ಜೊತೆ ಬನ್ನಿ ಸಾರ್. ಬಂದು ನೋಡಿ ಆಮೇಲೆ ನನಗೂ ಮಾತ್ರೆ ಬರೆಯಿರಿ.”

ಅವರು ಬಂದಾಗ ಗೋಡೆ ತುಟಿಪಿಟಕ್ಕೆನ್ನಲಿಲ್ಲ. ಅವಳು ಅವರ ಬೂಟು ಬಿಚ್ಚಿಸಿ ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದಳು. “ಬರ್ತೀವಿ,” ಎಂದು ಜೋರಾಗಿ ಕೂಗಿ, ಬಾಗಿಲು ದಢಾರನೆ ಹಾಕಿ, ಉಸಿರು ಬಿಗಿಹಿಡಿದು ಒಳಗೇ ನಿಂತಳು. ದರ್ಜಿ ಸದ್ದಾಗುವಂತೆ ಲೋಟ ಎತ್ತಿದಳು.

“ಡಾಕ್ಟರನ್ನ ಕರೆಸಿದ್ಯಾ?” ಗೋಡೆ ಮೆಲ್ಲಗೆ ಕೇಳಿತು. “ನಿನ್ನ ಮಾತು ಯಾರು ನಂಬ್ತಾರೆ, ಕರಿಯವಳೇ?”

ವೈದ್ಯರ ಮುಖ ಬಿಳಚಿಕೊಂಡಿತು.

ಮಾತ್ರೆ ನಿಂತಿತು. ದರ್ಜಿ ಬೇರೆ ಬೀದಿಗೆ ಮನೆ ಬದಲಿಸಿದಳು. ನಿದ್ದೆ ಹತ್ತುತ್ತಿದೆ ಎಂದಳು. ಹೋಗಿ ಕಣ್ಣಾರೆ ನೋಡದೆ ಯಾರ ಮಾತನ್ನೂ ಭ್ರಮೆ ಎನ್ನಬಾರದೆಂದು ಅಕ್ಕ ಪಟ್ಟು ಹಿಡಿದಳು. ವಿಭಾಗದಲ್ಲಿ ಕೆಲವರು ಗೊಣಗಿದರು. ವೈದ್ಯರು ಮಾತ್ರ ಎಲ್ಲರೆದುರು ತಮ್ಮ ತಪ್ಪು ಒಪ್ಪಿಕೊಂಡರು.

“ದರ್ಜಿಗಿಂತ ಮುಂಚೆ ಆ ಮನೆಯಲ್ಲಿ ಯಾರಿದ್ದರು?” ಎಂದು ಅಕ್ಕ ಕೇಳಿದಳು.

ಹಳೆಯ ನರ್ಸಮ್ಮ ಒಬ್ಬಳು ಎದ್ದು, ಅವಳನ್ನು ಹಿಂದಿನ ವಾರ್ಡಿಗೆ ಕರೆದೊಯ್ದಳು. ಅಲ್ಲಿ ಕಿಟಕಿ ಪಕ್ಕ ಕಪ್ಪು ಮುದುಕನೊಬ್ಬ ಕೂತಿದ್ದ. “ಆ ಮನೆಯಲ್ಲಿದ್ದವನು ಇವನೇ,” ಎಂದಳು ನರ್ಸಮ್ಮ. ಮಾತು ಬಿಟ್ಟು ವರ್ಷಗಳಾಗಿದ್ದವು. ಅಕ್ಕ ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು.

“ನನಗೂ ಕೇಳಿಸಿತು, ಅಜ್ಜಾ,” ಎಂದಳು.

ಮುದುಕ ನಿಧಾನವಾಗಿ ಮುಖ ತಿರುಗಿಸಿದ.