ಸ್ಟ್ರಗಲ್ ಎಂದು ಬರೆದ ವರ್ಷ

ನಮ್ಮ ಮನೆಯಲ್ಲಿ ಯಾರನ್ನಾದರೂ ಹೊಗಳಬೇಕಾದರೆ ಒಂದೇ ಮಾತು: ಕಷ್ಟಪಟ್ಟು ಮಾಡಿದ್ದಾರೆ. ಲಿಂಗರಾಜಪುರದಲ್ಲಿ ರಸ್ತೆಬದಿಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ನನ್ನಮ್ಮ, ನನ್ನ ಡಿಗ್ರಿ ರಿಸಲ್ಟ್ ಬಂದ ದಿನ ಬಟ್ಟೆ ಕೊಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ಮಗಳು ಜಾಣೆ ಅನ್ನಲಿಲ್ಲ, ಫಸ್ಟ್ ಕ್ಲಾಸ್ ಅಂತಲೂ ಅನ್ನಲಿಲ್ಲ. ಕಷ್ಟಪಟ್ಟು ಓದಿದ್ಳು ಅಂದಳು. ನಮ್ಮ ಎರಡೂ ಕಡೆಯ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಆಸಾಮಿ ನಾನು.

ಆ ಹೊಗಳಿಕೆಯನ್ನು ಆಫೀಸಿನ ಫಾರಂನಲ್ಲಿ ನನಗೆ ನಾನೇ ಬರೆದುಕೊಂಡದ್ದು ತಪ್ಪಾಯಿತು.

ಆಫೀಸು ದೊಡ್ಡನೆಕ್ಕುಂದಿಯಲ್ಲಿ, ಯಂತ್ರಗಳ ಬಿಡಿಭಾಗ ಮಾಡುವ ಕಂಪನಿ. ಕಾಗದದ ಹಳೇ ಡ್ರಾಯಿಂಗ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮದು. ಐದು ಜನ ಶುರುಮಾಡಿದೆವು. ಮೂವರು ಮಧ್ಯದಲ್ಲೇ ಬೇರೆ ಕಡೆ ಹೋದರು. ಉಳಿದದ್ದು ನಾನು ಮತ್ತು ದಾವಣಗೆರೆ ಕಡೆಯ ಒಬ್ಬ ಸಹೋದ್ಯೋಗಿ. ಅಂಕಿ ಅಳಿಸಿಹೋದ ಡ್ರಾಯಿಂಗ್ ಹಿಡಿದುಕೊಂಡು ನಾನು ಕೆಳಗೆ ಶಾಪ್ ಫ್ಲೋರಿಗೆ ಹೋಗುತ್ತಿದ್ದೆ. ಹಳೇ ಫಿಟ್ಟರುಗಳನ್ನು ಕೇಳಿ ಆ ಭಾಗವನ್ನೇ ಹುಡುಕಿ, ಎಣ್ಣೆ ಒರೆಸಿ, ಅಳತೆ ತೆಗೆದು ತುಂಬಿಸುತ್ತಿದ್ದೆ. ಹೀಗೆ ಏಳು ತಿಂಗಳು. ನಾನು ಮಾಡಿದ್ದರಲ್ಲಿ ಒಂದೂ ತಿದ್ದುವುದಕ್ಕೆ ವಾಪಸ್ ಬರಲಿಲ್ಲ. ಟೀಮ್ ಲೀಡ್ ಹುದ್ದೆ ಖಾಲಿ ಇತ್ತು, ನನಗೆ ಅದು ಬೇಕಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ವರ್ಷಕ್ಕೊಮ್ಮೆ ನಮ್ಮ ಕೆಲಸದ ಬಗ್ಗೆ ನಾವೇ ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಫಾರಂ ಬರುತ್ತದೆ. ಏಳು ತಿಂಗಳು ಸ್ಟ್ರಗಲ್ ಮಾಡಿ ಕೆಲಸ ಮುಗಿಸಿದೆ ಎಂದು ಬರೆದೆ. ಕಷ್ಟಪಟ್ಟೆ ಅನ್ನುವುದಕ್ಕೆ ನನಗೆ ಗೊತ್ತಿದ್ದ ಇಂಗ್ಲಿಷ್ ಅದೇ.

ಮ್ಯಾನೇಜರ್ ರಿಚರ್ಡ್ಸ್ ಟೌನಿನವರು. ಮನೆಯಲ್ಲೂ ಇಂಗ್ಲಿಷ್, ನಾಯಿಗೂ ಇಂಗ್ಲಿಷ್. ನನ್ನ ವಾಕ್ಯವನ್ನೇ ಎತ್ತಿ ತಮ್ಮ ಅಭಿಪ್ರಾಯದ ಜಾಗದಲ್ಲಿ ಕೂರಿಸಿದರು: ಈಕೆಗೆ ಕೆಲಸ ಒಂದು ಸ್ಟ್ರಗಲ್, ತಾವೇ ಒಪ್ಪಿಕೊಂಡಿದ್ದಾರೆ, ಲೀಡ್ ಆಗಲು ಇನ್ನೂ ಸಿದ್ಧರಿಲ್ಲ. ರೂಮಿಗೆ ಕರೆಸಿ ಪಾಠವನ್ನೂ ಮಾಡಿದರು. ಸ್ಟ್ರಗಲ್ ಅಂದರೆ ಕೈಲಾಗದೆ ಒದ್ದಾಡಿದ ಹಾಗಂತೆ. ಸ್ಟ್ರೈವ್ ಅನ್ನಬೇಕಿತ್ತಂತೆ. ಎಂಡೆವರ್ ಅನ್ನಬಹುದಿತ್ತಂತೆ, ಪರ್ಸಿವಿಯರ್ ಅಂದಿದ್ದರೆ ಇನ್ನೂ ಚೆಂದವಂತೆ. ಟಾಯಿಲ್ ಮಾತ್ರ ಬೇಡ, ಅದು ಕೂಲಿಯವರು ಮಾಡೋದು ಅಂದರು. ಇಂಥ ಪದಗಳ ಪಟ್ಟಿಯೊಂದನ್ನು ಪ್ರಿಂಟ್ ತೆಗೆದು, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂದು ನಗುತ್ತಲೇ ಕೊಟ್ಟರು.

ಮನೆಗೆ ಬಂದು ನಿಘಂಟು ತೆಗೆದೆ. ಹೆಚ್ಚುಕಡಿಮೆ ಎಲ್ಲದರ ಎದುರೂ ಅದೇ ಶ್ರಮಿಸು, ಅದೇ ಪ್ರಯತ್ನಪಡು, ಅದೇ ಹೆಣಗು. ಕನ್ನಡದಲ್ಲೂ ಒದ್ದಾಡುವುದು ಬೇರೆ, ದುಡಿಯುವುದು ಬೇರೆ. ಅದು ನನಗೆ ತಿಳಿಯದ್ದಲ್ಲ. ಆದರೆ ಎಸಿಯಲ್ಲಿ ಕೂತು ದುಡಿದವರಿಗೆ ಒಂದು ಪದ, ಬೆವರು ಕಾಣಿಸಿದವರಿಗೆ ಇನ್ನೊಂದು ಪದ ಅಂತ ಎತ್ತಿಡುವುದು ಭಾಷೆಯ ಸೊಗಸಲ್ಲ. ಅದು ಪದಗಳಿಗೂ ಹಚ್ಚಿದ ಅಂತಸ್ತು. ಕೆಂಡದ ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಭುಜ ಹೋದ ನನ್ನಮ್ಮ ಎಂಡೆವರ್ ಮಾಡಿದಳೋ ಟಾಯಿಲ್ ಮಾಡಿದಳೋ, ಇವರು ಹೇಳಬೇಕಾಗಿಲ್ಲ.

ನಮ್ಮ ಆಫೀಸಿನಲ್ಲಿ ಒಂದು ನಿಯಮವಿದೆ. ಮ್ಯಾನೇಜರ್ ಬರೆದದ್ದನ್ನು ಓದಿ ನಾವು ‘ಒಪ್ಪಿದೆ’ ಅಂತ ಒತ್ತುವ ತನಕ ಆ ಫಾರಂ ಮುಚ್ಚುವುದಿಲ್ಲ. ಒಂದು ಫಾರಂ ನಿಂತರೂ ಇಡೀ ಟೀಮಿನ ಪಟ್ಟಿ ಮೇಲಕ್ಕೆ ಹೋಗುವುದಿಲ್ಲ. ಎಲ್ಲರೂ ಓದದೆಯೇ ಒತ್ತುತ್ತಾರೆ. ನಾನು ಒತ್ತಲಿಲ್ಲ.

ಮೊದಲ ವಾರ ಎರಡು ಮೇಲ್ ಬಂದವು. ಆಮೇಲೆ ದಾವಣಗೆರೆಯವನು ನನ್ನ ಟೇಬಲ್ಲಿಗೆ ಬಂದ.

“ಏನಕ್ಕಾ, ಒಂದ್ ಕ್ಲಿಕ್‌ಗೆ ಇಷ್ಟು ಹಠಾನಾ? ಒತ್ತಿ ಬಿಸಾಕಿ ಅತ್ಲಾಗೆ.”

ಅವನ ಫಾರಂ ತುಂಬ ಎಂಡೆವರ್. ಆ ಪದ ತನಗೂ ಗೊತ್ತಿರಲಿಲ್ಲ, ಫೋನೇ ಬರೆದುಕೊಟ್ಟಿತು ಎಂದು ತಾನೇ ಹೇಳಿಕೊಂಡು ನಕ್ಕ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ ಅಂತ ಬರೆಯಬಹುದು. ಇತ್ತು, ಸುಳ್ಳೇಕೆ.

ಹದಿನೇಳನೇ ದಿನ ಮ್ಯಾನೇಜರೇ ಎದ್ದು ಬಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಕನ್ನಡ ಮಾತಾಡಿದರು. ತಮ್ಮ ಲಿಸ್ಟ್ ಪೂರ್ತಿ ನಿಂತುಹೋಗಿದೆ, ಸ್ವಲ್ಪ ಪ್ರೆಸ್ ಮಾಡಿಬಿಡಿ ಅಂದರು.

“ಮ್ಯಾಮ್, ನಾನು ಮಾಡಿರೋ ಡ್ರಾಯಿಂಗಲ್ಲಿ ಒಂದು ತಪ್ಪು ತೋರ್ಸಿ. ಈಗ್ಲೇ ಒತ್ತೀನಿ.”

ಕೆಲಸದಲ್ಲಿ ತಪ್ಪಿಲ್ಲ, ಬರೆದ ರೀತಿ ಅಷ್ಟೇ ಅಂದರು.

“ಹಾಗಿದ್ರೆ ತಪ್ಪಿಲ್ಲ ಅಂತ್ಲೇ ಬರೀರಿ.”

ಪಕ್ಕದ ಟೇಬಲ್ಲಿನವರೆಲ್ಲ ಕೀಬೋರ್ಡ್ ಬಿಟ್ಟು ಕೂತಿದ್ದರು. ಮ್ಯಾನೇಜರ್ ತಮ್ಮ ರೂಮಿಗೆ ಹೋಗಿ, ಹಳೆಯದನ್ನು ಅಳಿಸಿ, ಎಲ್ಲ ಕೆಲಸವನ್ನೂ ತಪ್ಪಿಲ್ಲದೆ ಹೊತ್ತಿಗೆ ಸರಿಯಾಗಿ ಮುಗಿಸಿದ್ದಾರೆ ಎಂದು ಬರೆದರು. ಎರಡು ಸಲ ಓದಿ ನಾನು ಒತ್ತಿದೆ.

ಒತ್ತಿದ ಮೇಲೆ ಹೇಳಿದರು. ಲೀಡ್ ಹುದ್ದೆ ದಾವಣಗೆರೆಯವನಿಗೆ ಹೋಗಿತ್ತು. ಹುದ್ದೆಗೆ ಆ ಪಟ್ಟಿ ಕಾಯಬೇಕಿರಲಿಲ್ಲ, ಹಿಂದಿನ ದಿನವೇ ಅವನಿಗೆ ಪತ್ರ ಕೊಟ್ಟಾಗಿತ್ತು. ಸಾರಿ ಅಂದರು. ನಾನು ಪರವಾಗಿಲ್ಲ ಅನ್ನಲಿ ಎಂದು ಅಲ್ಲೇ ನಿಂತರು. ಅಂದಿದ್ದರೆ ಅವರು ಹಗುರಾಗಿ ಊಟಕ್ಕೆ ಹೋಗುತ್ತಿದ್ದರು. ನಾನು ಅನ್ನಲಿಲ್ಲ.

ಈಗಲೂ ಲಿಫ್ಟಿನಲ್ಲಿ ಇಬ್ಬರೇ ಸಿಕ್ಕಿಕೊಂಡಾಗ, ಆ ಒಂದು ಮಾತಿಗೆ ಕಾದವರ ಹಾಗೆ ನನ್ನ ಮುಖ ನೋಡುತ್ತಾರೆ. ನಾನು ಮಹಡಿಯ ನಂಬರ್ ಬದಲಾಗುವುದನ್ನೇ ನೋಡುತ್ತ ನಿಲ್ಲುತ್ತೇನೆ.